ಎಲೆಹಸಿರು ಆಂಟೆನಾ

ಬರಿಮೈಯ ಕಬ್ಬಿಣ ಕಂಡರೆ ಕುಂಚಪ್ಪನಿಗೆ ತಡೆಯುತ್ತಿರಲಿಲ್ಲ. ಚಳಿಯಲ್ಲಿ ಅಂಗಿಯಿಲ್ಲದೆ ನಿಂತ ಮಗುವನ್ನು ಕಂಡವನಂತೆ ಒಳಗೊಳಗೇ ಚಡಪಡಿಸುತ್ತಿದ್ದ. ಕೈ ತಾನಾಗಿಯೇ ಡಬ್ಬಿಯ ಕಡೆ ಹೋಗುತ್ತಿತ್ತು. ನಲವತ್ತು ವರ್ಷದಿಂದ ಆ ಊರಿನ ಗೇಟು, ಕಿಟಕಿಯ ಸರಳು, ಶಾಲೆಯ ಬೆಂಚು, ಟ್ರ್ಯಾಕ್ಟರಿನ ಮಡ್ಗಾರ್ಡು ಎಲ್ಲಕ್ಕೂ ಬಣ್ಣ ಬಳಿದವನು ಅವನೇ. ಅಪ್ಪ ಅಮ್ಮ ಇಟ್ಟ ಹೆಸರು ಯಾವಾಗಲೋ ಹಿಂದೆ ಸರಿದು ಜನರ ಬಾಯಲ್ಲಿ ಕುಂಚಪ್ಪ ಅನ್ನುವುದೇ ಉಳಿದಿತ್ತು. ಅವನ ಕೆಲಸಕ್ಕೆ ಒಂದೇ ನಿಯಮ: ಕಾಣದ ಕಡೆಗೂ ಬಣ್ಣ ಮುಟ್ಟಬೇಕು. ಬಾಗಿಲ ಮೇಲಂಚು, ಮೇಜಿನ ಅಡಿ, ಚಿಲಕದ ಬೆನ್ನು ಯಾವುದನ್ನೂ ಬಿಟ್ಟವನಲ್ಲ.

ಹೀಗಿರುವಾಗ ಶನಿವಾರ ಮಧ್ಯಾಹ್ನ ಮಗಳು ಸ್ಕೂಟರಿನ ಹಿಂದೆ ಕಟ್ಟಿ ತಂದ ಟೀವಿ ಆಂಟೆನಾವನ್ನು ಪಡಸಾಲೆಯ ಗೋಡೆಗೆ ಒರಗಿಸಿ, "ನಾಳೆ ಹತ್ತಕ್ಕೆ ಬಂದು ಹಾಕ್ತೀನಿ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ" ಎಂದು ಹೇಳಿ ಡ್ಯೂಟಿಗೆ ಹೋದದ್ದು ತಪ್ಪಾಯಿತು. ದೊಡ್ಡ ಮೀನಿನ ಮುಳ್ಳಿನಂತೆ ಬೆಳ್ಳಗೆ ಹೊಳೆಯುತ್ತಿದ್ದ ಅದನ್ನು ಕುಂಚಪ್ಪ ಬಾಗಿಲಿಂದ ಒಮ್ಮೆ ನೋಡಿದ, ನೀರು ಕುಡಿದು ಬಂದು ಇನ್ನೊಮ್ಮೆ ನೋಡಿದ. ಮುಟ್ಟಬೇಡಿ ಅಂದದ್ದು ಮೇಲೆ ಹತ್ತಿಸಬೇಡಿ ಅನ್ನುವ ಅರ್ಥದಲ್ಲಿ ಎಂದು ತನಗೆ ತಾನೇ ಹೇಳಿಕೊಂಡ. ಬಿಸಿಲು ಇಳಿಯುವ ಹೊತ್ತಿಗೆ ಆಂಟೆನಾವೂ ಅದರ ಜೊತೆಗೆ ಬಂದಿದ್ದ ಕಂಬವೂ ಎಲೆಹಸಿರಾಗಿದ್ದವು. ಆಂಟೆನಾದ ನಡುವೆ ತಂತಿ ಸೇರಿಸುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನೂ ತೆಗೆದ. ಒಳಗೆ ಎರಡು ಹಿತ್ತಾಳೆ ಸ್ಕ್ರೂ ಚಿನ್ನದ ಹಾಗೆ ಮಿನುಗುತ್ತಿದ್ದವು. ಆ ಹೊಳಪಿನ ಮೇಲೆ ಹಸಿರು ಬಳಿಯಲು ಮನಸ್ಸಾಗಲಿಲ್ಲ. ಬಣ್ಣವಿಲ್ಲದ ವಾರ್ನಿಷ್ಷನ್ನು ಸಣ್ಣ ಕುಂಚದಲ್ಲಿ ಮೂರು ಕೈ ಹಚ್ಚಿ, ಒಣಗಿಸಿ, ಮುಚ್ಚಳ ಹಾಕಿ ಎದ್ದ.

ಈ ಆಂಟೆನಾದ ಗಡಿಬಿಡಿಗೆಲ್ಲ ಕಾರಣ ಅವನ ಹೆಂಡತಿ. ಗಿಡಗಳಿಗೆ ಕಸಿ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ನಿಂಬೆ, ಅಂಜೂರ, ದಾಳಿಂಬೆ ಯಾವ ಗಿಡವಾದರೂ ಅವಳು ಕಟ್ಟಿದ್ದು ಹಿಡಿಯದೆ ಹೋದದ್ದಿಲ್ಲ. ಹದಿನೈದು ದಿನದ ಹಿಂದೆ ಗುಡ್ಡದ ಮೇಲಿನ ಸಣ್ಣ ಟೀವಿ ಕೇಂದ್ರದವರು ಕ್ಯಾಮೆರಾ ಹೊತ್ತುಕೊಂಡು ಹಿತ್ತಲಿಗೆ ಬಂದು, ಅರ್ಧ ದಿನ ಕೂತು ಅವಳನ್ನು ಮಾತಾಡಿಸಿ ಹೋಗಿದ್ದರು. ಭಾನುವಾರ ನಾಲ್ಕು ಗಂಟೆಗೆ, ಒಂದೇ ಸಲ ಬರುತ್ತದೆ ಎಂದಿದ್ದರು. ಆದರೆ ಆ ಬೀದಿಯ ಎಲ್ಲರ ಮನೆಯ ಮೇಲೂ ಇದ್ದದ್ದು ಡಿಶ್. ದೂರ ದೂರದ ದೇಶದ ಸುದ್ದಿಯನ್ನೆಲ್ಲ ತರುತ್ತಿದ್ದ ಡಿಶ್ಶಿಗೆ ಕೂಗಳತೆಯ ಗುಡ್ಡದ ಕೇಂದ್ರ ಮಾತ್ರ ಸಿಗುತ್ತಿರಲಿಲ್ಲ.

ಕುಂಚಪ್ಪನ ಎದೆಯಲ್ಲಿ ಬೇರೆಯೇ ಒಂದು ಮುಳ್ಳಿತ್ತು. ಕ್ಯಾಮೆರಾದವರು ಬಂದ ದಿನ ಅವನು ಆಡಿನ ಕೊಟ್ಟಿಗೆಯ ಅಗುಳಿಗೆ ಬಣ್ಣ ಹಚ್ಚುತ್ತಿದ್ದ. ಹಿತ್ತಲಿನಿಂದ ಹೆಂಡತಿ ಅವನ ಕಡೆಗೇ ಕೈ ತೋರಿಸಿ ಏನೋ ಹೇಳಿದ್ದಳು. ಕ್ಯಾಮೆರಾ ಹಿಡಿದವನು ನಕ್ಕಿದ್ದ, ಮೈಕು ಹಿಡಿದವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಂದಿನಿಂದ ಅವನು ಕೇಳಿದ್ದೇ ಕೇಳಿದ್ದು.

"ಏನಂದೆ ಹೇಳೇ ಅವತ್ತು?"

"ಟೀವಿಲಿ ಬರುತ್ತಲ್ಲ, ನೋಡಿ."

"ನನ್ನ ಮರ್ಯಾದೆ ವಿಷಯ ಕಣೇ."

"ಅದಕ್ಕೇ ರೀ, ನೋಡಿ ಅಂತಿರೋದು."

ಭಾನುವಾರ ಹತ್ತಕ್ಕೆ ಸರಿಯಾಗಿ ಮಗಳು ಬಂದಳು. ವಿದ್ಯುತ್ ಕಚೇರಿಯಲ್ಲಿ ಲೈನ್ ಕೆಲಸ ಅವಳದು. ಕಂಬ ಹತ್ತಿ ಅಭ್ಯಾಸವಿದ್ದವಳು. ಆಂಟೆನಾ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಪ್ಪಾ."

"ತುಕ್ಕು ಹಿಡಿಯಲ್ಲ ಪುಟ್ಟಿ, ಇಪ್ಪತ್ತು ವರ್ಷ."

"ಅಲ್ಯೂಮಿನಿಯಂ ಅಪ್ಪ ಅದು. ಅದಕ್ಕೆ ತುಕ್ಕು ಹಿಡಿದದ್ದನ್ನ ಯಾವಾಗ ನೋಡಿದ್ದೆ ನೀನು?" ಅಂದವಳು ಬೈಯಲು ಬಾಯಿ ತೆರೆದು ನಕ್ಕುಬಿಟ್ಟಳು. "ಹೋಗಲಿ. ಕಡ್ಡಿಗಳಿಗೆ ಬಣ್ಣ ಬಳಿದರೆ ಏನೂ ಆಗಲ್ಲ. ಗಿಳಿ ಕೂತ ಹಾಗಿರುತ್ತೆ."

ಅಷ್ಟರಲ್ಲಿ ಸೋದರಮಾವನೂ ಬಂದ. ಕುಂಚಪ್ಪನ ಹೆಂಡತಿಯ ತಮ್ಮ, ಬಸ್ಸಿನ ಕಂಡಕ್ಟರು. ನಿಲ್ದಾಣದಿಂದ ನಿಲ್ದಾಣಕ್ಕೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಅವನಿಗೆ ಮರೆತುಹೋಗಿತ್ತು.

"ಏನ್ ಭಾವ, ನನ್ನ ಬಸ್ಸು ಒಂದು ಉಳಿದಿತ್ತು, ಅದಕ್ಕೂ ಒಂದು ಕೈ ಹಚ್ಚಿಬಿಡಿ. ಅಕ್ಕಾ, ಬೀದಿಯವರಿಗೆಲ್ಲ ಹೇಳಿದ್ದೀನಿ. ನಾಲ್ಕಕ್ಕೆ ಹನ್ನೆರಡು ಜನ ಬರ್ತಾರೆ, ಚಹಾಕ್ಕೆ ಇಡು!"

"ನಿನ್ನ ಬಾಯಿ ಇರೋವಾಗ ಟೀವಿ ಯಾಕೆ ಬೇಕಿತ್ತೋ!" ಎಂದು ಅಕ್ಕ ಅಡುಗೆಮನೆಯಿಂದಲೇ ಅಂದಳು. ದನಿಯಲ್ಲಿ ಮಾತ್ರ ಖುಷಿ ತುಳುಕುತ್ತಿತ್ತು.

ಮಗಳು ಏಣಿಗೆ ಕೈ ಹಾಕುವ ಮೊದಲು ಬೀದಿಗೆ ಹೋಗಿ ನಿಂತಳು. ತಾರಸಿಯ ಬೀದಿ ಕಡೆಯ ಮೂಲೆಯಲ್ಲಿ ಡಿಶ್ಶಿನ ಕಂಬ. ಅದರ ಎದುರಿಗೇ, ರಸ್ತೆಯ ಅಂಚಿನಲ್ಲಿ, ವಿದ್ಯುತ್ ತಂತಿ. ಅವಳು ಒಂದರಿಂದ ಇನ್ನೊಂದಕ್ಕೆ ಕಣ್ಣಳತೆ ಹಾಕಿದಳು.

"ಡಿಶ್ ಕೂರಿಸಿದೋನು ಯಾರೋ, ಪುಣ್ಯಾತ್ಮ. ಇಲ್ಲಿ ಬೇಡ ಅಪ್ಪ. ಹೊಸ ಕಂಬ ಎಂಟಡಿ, ಮೇಲೆ ಆಂಟೆನಾ. ಕೈ ಜಾರಿ ಈ ಕಡೆ ವಾಲಿದರೆ ನೇರ ತಂತಿ ಮೇಲೆ. ಹಿತ್ತಲ ಕಡೆ ಮೂಲೆಗೆ ಹೋಗೋಣ. ತಂತಿ ಪಕ್ಕದ ಈ ಡಿಶ್ಶನ್ನೂ ಇಳಿಸಿಬಿಡೋಣ."

"ಹಿತ್ತಲ ಕಡೆ ನಿಮ್ಮಮ್ಮನ ಗಿಡ ಇದೆ. ಬಿದ್ದರೆ ಗಿಡದ ಮೇಲೆ ಬೀಳುತ್ತೆ."

"ಗಿಡ ಮುರಿದರೆ ಅಮ್ಮ ಕಸಿ ಕಟ್ಟುತ್ತಾಳೆ. ನಿನಗೇನಾದರೂ ಆದರೆ ಯಾವ ಕೊಂಬೆಗೆ ತಂದು ಕಟ್ಟಲಿ?"

ಬಾಮೈದ ಘೊಳ್ಳೆಂದು ನಕ್ಕ. ಕುಂಚಪ್ಪ ತೆಪ್ಪಗೆ ಏಣಿ ಹೊತ್ತು ಹಿತ್ತಲಿಗೆ ನಡೆದ.

ಆಮೇಲೆ ಎಲ್ಲವೂ ಅವಳು ಹೇಳಿದ ಕ್ರಮದಲ್ಲೇ ನಡೆಯಿತು. ಮೊದಲು ಒಳಗೆ ಹೋಗಿ ಟೀವಿಯ ಪ್ಲಗ್ಗು, ಡಿಶ್ಶಿನ ಪೆಟ್ಟಿಗೆಯ ಪ್ಲಗ್ಗು ಎರಡನ್ನೂ ಗೋಡೆಯಿಂದ ಕಿತ್ತಳು. ಈ ಪೆಟ್ಟಿಗೆ ಡಿಶ್ಶಿನ ತಂತಿಯಲ್ಲಿ ಕರೆಂಟು ಕಳಿಸುತ್ತಿರುತ್ತದೆ, ಇನ್ನು ಇದರ ಋಣ ಮುಗಿಯಿತು ಅಂದು ಅದನ್ನು ಎತ್ತಿ ಅಟ್ಟಕ್ಕೆ ಸೇರಿಸಿದಳು. ಏಣಿಯ ಕಾಲಿನಡಿ ಮಣ್ಣು ಮೆತ್ತಗಿದ್ದ ಕಡೆ ಹಲಗೆ ಹಾಕಿಸಿದಳು. ಮಾವನನ್ನು ಏಣಿಯ ಬುಡದಲ್ಲಿ ನಿಲ್ಲಿಸಿ, "ನಾನು ಇಳಿಯೋವರೆಗೆ ನೀನು ಎರಡು ಕೈಯ ಮನುಷ್ಯ ಅಲ್ಲ, ಏಣಿಯ ಕಾಲು. ಫೋನು ಬಂದರೂ ಕೈ ಬಿಡಬಾರದು" ಅಂದಳು. ತಾರಸಿಯಲ್ಲಿ ಡಿಶ್ಶಿಗೆ ಮೊದಲು ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ನೀರಿನ ತೊಟ್ಟಿಯ ಕಟ್ಟೆಗೆ ಬಿಗಿದು, ಆಮೇಲೆ ಒಂದೊಂದೇ ಬೋಲ್ಟು ಸಡಿಲಿಸಿದಳು. ಅಪ್ಪ ಮಗಳು ಸೇರಿ ಅದನ್ನು ಹಿತ್ತಲಿಗೆ ಮೆಲ್ಲಗೆ ಇಳಿಬಿಟ್ಟಾಗ ದೊಡ್ಡ ತಟ್ಟೆಯೊಂದು ಗಿಡಗಳ ನಡುವೆ ಆರಾಮಾಗಿ ಹೋಗಿ ಕೂತಿತು.

ಹೊಸ ಕಂಬವನ್ನು ತಾರಸಿಯ ಮೇಲೆ ಮಲಗಿಸಿಕೊಂಡರು. ಬುಡಕ್ಕೆ ತಾಮ್ರದ ತಂತಿ ಕಟ್ಟುವಾಗ ಮಗಳು ಕೈ ನಿಲ್ಲಿಸಿದಳು. ಕಂಬವೂ ನಿನ್ನೆಯ ಹಸಿರಿನಲ್ಲಿ ಮಿಂದಿತ್ತು.

"ಇಲ್ಲಿ ನಾಲ್ಕು ಬೆರಳಿನಷ್ಟು ಬಣ್ಣ ಕೆರೆದು ಕೊಡಪ್ಪ. ಗುಡುಗು ಮಳೆಯಲ್ಲಿ ಆಂಟೆನಾ ಮೇಲೆ ಕೂತ ಕರೆಂಟು ಮನೆಯೊಳಗೆ ಬರದೆ ಈ ತಂತಿಯಲ್ಲೇ ನೆಲಕ್ಕೆ ಇಳೀಬೇಕು."

"ಬಣ್ಣದ ಮೇಲೇ ಬಿಗಿದರಾಗಲ್ವಾ?"

"ಬಣ್ಣ ದಾಟಿ ಕರೆಂಟು ಹೋಗಲ್ಲ. ಲೋಹಕ್ಕೆ ಲೋಹ ತಾಗಬೇಕು. ಮಧ್ಯೆ ಪೊರೆಯಷ್ಟು ಏನಿದ್ದರೂ ಕೆಟ್ಟಿತು."

ಕುಂಚಪ್ಪ ಎಮರಿ ಕಾಗದ ಹಿಡಿದು ಕೂತ. ತಾನೇ ಬಳಿದ ಬಣ್ಣವನ್ನು ಒಣಗಿದ ಮರುದಿನವೇ ತಾನೇ ಉಜ್ಜುವುದು ಅವನ ಜನ್ಮದಲ್ಲಿ ಮೊದಲು. ನಾಲ್ಕನೆಯ ಉಜ್ಜಿಗೆ ಕೈ ತಾನಾಗಿ ನಿಧಾನವಾಯಿತು. ಪೊರೆಯಷ್ಟು ಏನಿದ್ದರೂ ಅಂದಳಲ್ಲ. ಆ ಡಬ್ಬಿಯೊಳಗೆ? ಅದು ಬಣ್ಣವಲ್ಲ, ವಾರ್ನಿಷ್, ನೀರಿನ ಹಾಗೆ ತೆಳ್ಳಗಿತ್ತು, ಅದೇನು ಲೆಕ್ಕವೇ ಎಂದು ಸಮಾಧಾನ ಮಾಡಿಕೊಂಡ. ಆದರೆ ಮಗಳ ಮುಖ ನೋಡಲಿಲ್ಲ. ಅವಳು ಡಬ್ಬಿಯ ಮುಚ್ಚಳ ತೆಗೆದು, ಫಳಫಳ ಹೊಳೆಯುವ ಹಿತ್ತಾಳೆ ಸ್ಕ್ರೂಗಳಿಗೆ ತಂತಿ ಬಿಗಿದು, "ಮಾಲು ಚೆನ್ನಾಗಿದೆ" ಎಂದು ಮೆಚ್ಚಿ ಮುಚ್ಚಳ ಹಾಕಿದಳು. ಕಂಬ ಎತ್ತಿ ನಿಲ್ಲಿಸಿ, ಆಂಟೆನಾದ ಚಿಕ್ಕ ಕಡ್ಡಿಗಳ ತುದಿಯನ್ನು ಗುಡ್ಡದ ಗೋಪುರದ ಕಡೆ ತಿರುಗಿಸಿ ಇಳಿದುಹೋದಳು.

ಎರಡೂವರೆಗೆ ಟೀವಿ ಹಾಕಿ ಚಾನೆಲ್ ಹುಡುಕಲು ಬಿಟ್ಟರು. ಪರದೆಯ ಮೇಲೆ ಪಟ್ಟಿ ನಿಧಾನವಾಗಿ ತುಂಬಿ ನೂರು ಮುಟ್ಟಿತು. ಸಿಕ್ಕಿದ ಚಾನೆಲ್ಲು ಸೊನ್ನೆ.

ಮಗಳು ಮತ್ತೆ ಮೇಲೆ ಹತ್ತಿದಳು. ಏಣಿ ಬಿಟ್ಟು ಬಂದ ಮಾವನನ್ನು ಕಿಟಕಿಯಲ್ಲಿ ಕೂರಿಸಿ, ಬುಡಕ್ಕೆ ಅಪ್ಪನನ್ನು ನಿಲ್ಲಿಸಿದಳು. ಆಂಟೆನಾವನ್ನು ಒಂದು ಗೇಣು ಎಡಕ್ಕೆ ತಿರುಗಿಸಿದಳು.

"ಏನಾದರೂ ಬಂತಾ ಮಾವ?"

"ಸೊನ್ನೆ!" ಎಂದು ಅವನು ಬಸ್ಸು ನಿಲ್ದಾಣಕ್ಕೆ ಕೇಳುವಂತೆ ಕೂಗಿದ.

ಬಲಕ್ಕೆ ತಿರುಗಿಸಿದಳು.

"ಸೊನ್ನೆ! ಶುದ್ಧ ಸೊನ್ನೆ ಪುಟ್ಟಿ!"

ಕೆಳಗಿಳಿದು ಟೀವಿ ಕಡೆಯ ತಂತಿಯ ತುದಿ ಬಿಚ್ಚಿ ಹೊಸದಾಗಿ ಕಟ್ಟಿದಳು. ಟೀವಿಯ ಹಿಂದಿನ ಪಿನ್ನು ಬದಲಿಸಿ ಮತ್ತೆ ಮೇಲೆ ಹೋದಳು. ಪ್ರತಿ ಸಲವೂ ಪಟ್ಟಿ ನೂರಕ್ಕೆ ಹೋಗಿ ಸೊನ್ನೆ ತಂದಿತು. ಬೀದಿಯವರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಎದುರುಮನೆಯ ದರ್ಜಿ, ಅವನ ಹೆಂಡತಿ, ಹಾಲಿನ ಡೇರಿಯ ಅಕ್ಕ, ನಿವೃತ್ತ ಮೇಷ್ಟರು. ಮೇಷ್ಟರು ಸಿಗ್ನಲ್ ಇಲ್ಲ ಎಂಬ ಅಕ್ಷರವನ್ನು ಮೂರು ಸಲ ಗಟ್ಟಿಯಾಗಿ ಓದಿದರು.

ಗಂಟೆ ಮೂರೂಕಾಲಾಯಿತು. ಏಣಿಯ ಬುಡದಲ್ಲಿ ನಿಂತ ಕುಂಚಪ್ಪನ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ಕೆಟ್ಟದ್ದೆಲ್ಲಿ ಅಂತ ಅವನಿಗೀಗ ಅನುಮಾನವೇ ಇರಲಿಲ್ಲ. ಹೇಳಿದರೆ ಬಾಮೈದನ ಬಾಯಿಗೆ ಈ ವರ್ಷಕ್ಕೆಲ್ಲ ಸಾಲುವಷ್ಟು ಮೇವು. ಅದು ಹಾಳಾಗಲಿ. ಹೇಳದೆ ಸುಮ್ಮನಿದ್ದರೆ ನಾಲ್ಕು ಗಂಟೆ ದಾಟುತ್ತದೆ, ಅವಳು ಅವನ ಬಗ್ಗೆ ಏನು ಹೇಳಿ ಆ ಜನರನ್ನು ನಗಿಸಿದಳೋ ಅದು ಗಾಳಿಯಲ್ಲೇ ಹೋಗುತ್ತದೆ. ದರ್ಜಿಯೂ ಕೇಳಲಿಲ್ಲ, ಮೇಷ್ಟರೂ ಕೇಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಯಾರಿಗೂ ಗೊತ್ತಾಗುವುದೂ ಇಲ್ಲ.

ಮೇಲಿನಿಂದ ಮಗಳು ನೀರು ಕೇಳಿದಳು. ಅವಳು ಏಣಿಯಿಂದ ದೂರ ಕೂತದ್ದನ್ನು ನೋಡಿಕೊಂಡು ಕುಂಚಪ್ಪ ಒಳಗೆ ಹೋದ.

ಪಡಸಾಲೆಯ ಮೂಲೆಯ ಸ್ಟೂಲಿನ ಮೇಲೆ ಹೆಂಡತಿ ಕೂತಿದ್ದಳು. ಮುಂದಿನ ಕುರ್ಚಿಗಳನ್ನೆಲ್ಲ ಬಂದವರಿಗೆ ಬಿಟ್ಟುಕೊಟ್ಟಿದ್ದಳು. ಕಪಾಟಿನಲ್ಲಿ ಮಡಿಸಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆ ಕೈ ನೋಡಿ ಕುಂಚಪ್ಪ ಲೋಟ ಹಿಡಿದವನು ಹಾಗೇ ನಿಂತ. ಗಿಡದ ಹಾಲು, ಮಣ್ಣು ಹತ್ತಿ ಮೂವತ್ತು ವರ್ಷದಿಂದ ಕಪ್ಪಾಗಿಯೇ ಇದ್ದ ಉಗುರುಗಳನ್ನು ಅವಳು ನಿಂಬೆ ಹೋಳು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಕೊಂಡಿದ್ದಳು. ಟೀವಿಯಲ್ಲಿ ಕಾಣುವುದು ಹದಿನೈದು ದಿನದ ಹಿಂದಿನ ಕೈ. ಇವತ್ತು ತೊಳೆದದ್ದನ್ನು ಯಾರು ನೋಡುತ್ತಾರೆ?

"ಬರದಿದ್ದರೆ ಬಿಡಿ" ಎಂದಳು ಅವನ ಮುಖ ನೋಡಿ. "ಪುಟ್ಟಿ ಬಿಸಿಲಲ್ಲಿ ಬೆಂದು ಹೋದಳು. ಇಳಿಯೋಕೆ ಹೇಳಿ. ನನ್ನ ಮುಖ ನಾನು ಕಾಣದ್ದಾ?"

"ಬರುತ್ತೆ" ಎಂದ ಕುಂಚಪ್ಪ.

"ನಿಮಗೆ ಹೆಂಗೆ ಗೊತ್ತು?"

"ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ!" ಎಂದವನು ಹಿತ್ತಲಿಗೆ ದಾಪುಗಾಲು ಹಾಕಿದ. ಏಣಿಯ ಬುಡದಲ್ಲಿ ನಿಂತು ಕತ್ತೆತ್ತಿ, ಬಾಮೈದನಿಗಿಂತ ಗಟ್ಟಿಯಾಗಿ ಕೂಗಿದ. "ಪುಟ್ಟೀ! ಆ ಡಬ್ಬಿಯೊಳಗಿನ ಸ್ಕ್ರೂಗೆ ನಾನು ವಾರ್ನಿಷ್ ಹಚ್ಚಿದ್ದೀನಿ!"

ಮಗಳ ತಲೆ ತಾರಸಿಯ ಅಂಚಿನಲ್ಲಿ ಕಾಣಿಸಿತು.

"ಎಷ್ಟು ಕೈ?"

"ಮೂರು."

"ಮೂರಾ!"

"ಪ್ರತಿ ಕೈಯನ್ನೂ ಒಣಗಿಸಿ ಹಚ್ಚಿದೆ. ಗುಳ್ಳೆ ಬಂದಿಲ್ಲ."

ಒಳಗೆ ಕಿಟಕಿಯಲ್ಲಿ ಬಾಮೈದ ನಕ್ಕು ನಕ್ಕು ಕೆಮ್ಮತೊಡಗಿದ. "ಮೇಷ್ಟ್ರೇ, ಕೇಳಿದ್ರಾ? ನಮ್ಮ ಭಾವ ಟೀವಿ ಸಿಗ್ನಲ್ಲಿಗೇ ಬಣ್ಣ ಹೊಡೆದುಬಿಟ್ಟಿದ್ದಾರೆ!"

ಮೂರೂವರೆ. ಕುಂಚಪ್ಪ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟೇಬಿಟ್ಟ.

"ನಿಲ್ಲಪ್ಪ!" ಮಗಳು ಗದರಿದಳು. "ಮೊದಲು ಮಾವ ಬಂದು ಏಣಿ ಹಿಡೀಲಿ. ಮೊದಲು ಟೀವಿ ಪ್ಲಗ್ಗು ತೆಗೀಲಿ. ಹೊತ್ತಾಯಿತು ಅಂತ ಓಡಿ ಹತ್ತಿದೋರನ್ನೇ ನಾವು ದಿನಾ ಆಸ್ಪತ್ರೆಗೆ ಹೊತ್ತುಕೊಂಡು ಹೋಗೋದು."

ಬಾಮೈದ ನಗುತ್ತಲೇ ಬಂದು ಏಣಿ ಹಿಡಿದ. ಕುಂಚಪ್ಪ ಒಂದೊಂದೇ ಮೆಟ್ಟಿಲು ಹತ್ತಿದ. ಅಪ್ಪ ಮಗಳು ಕಂಬವನ್ನು ಹಿಡಿಕೆಯಿಂದ ಸಡಿಲಿಸಿ, ಹಿತ್ತಲ ಅಂಚಿನುದ್ದಕ್ಕೆ ಬಾಗಿಸಿ, ತಾರಸಿಯ ಮೇಲೆ ಮಲಗಿಸಿದರು. ಮಗಳು ಚಾಕು ತೆಗೆದಳು.

"ಕೊಡಿಲ್ಲಿ" ಎಂದ ಕುಂಚಪ್ಪ. "ಹಚ್ಚಿದೋನಿಗೇ ಗೊತ್ತು ಎಲ್ಲೆಲ್ಲಿ ಹೋಗಿದೆ ಅಂತ."

ಎಮರಿ ಕಾಗದವನ್ನು ಕಡ್ಡಿಯ ಹಾಗೆ ಸುರುಳಿ ಸುತ್ತಿ ಸ್ಕ್ರೂವಿನ ಹಲ್ಲುಹಲ್ಲಿಗೂ ಹೋದ. ಹಚ್ಚುವಾಗ ಇದ್ದ ಶ್ರದ್ಧೆಯೇ ತೆಗೆಯುವಾಗಲೂ ಇತ್ತು. ಬೆವರು ಮೂಗಿನ ತುದಿಗೆ ಬಂದು ನಿಂತಿತು. ಮಗಳು ಸುಮ್ಮನೆ ನೋಡುತ್ತಿದ್ದವಳು, "ಇಷ್ಟು ಚೆನ್ನಾಗಿ ನಮ್ಮ ಆಫೀಸಿನಲ್ಲೂ ಯಾರೂ ಕೆರೆಯಲ್ಲ" ಎಂದಳು. ಕುಂಚಪ್ಪನ ಕಿವಿ ಕೆಂಪಾಯಿತು.

ಕಂಬ ಮತ್ತೆ ಎದ್ದು ನಿಂತು, ಬೋಲ್ಟು ಬಿಗಿದು, ಇಬ್ಬರೂ ನೆಲಕ್ಕಿಳಿದಾಗ ನಾಲ್ಕಕ್ಕೆ ಎಂಟು ನಿಮಿಷ. ಬಾಮೈದ ಟೀವಿ ಹಾಕಿದ. ಪಟ್ಟಿ ತೆವಳಿತು. ಮೂವತ್ತಕ್ಕೆ ಬಂದಾಗಲೇ ಅವನು ಎದ್ದು ಕುಣಿದ.

"ಒಂದು! ಅಕ್ಕಾ, ಒಂದು! ಮೂರು! ಇಳಿಯೋರು ಇಳಿದುಕೊಳ್ಳಿ, ಹತ್ತೋರು ಹತ್ತಿಕೊಳ್ಳಿ! ಏಳು!"

ಏಳನೆಯದೇ ಗುಡ್ಡದ ಕೇಂದ್ರ. ಚಿತ್ರ ಕನ್ನಡಿಯಂತೆ ಬಂತು. ಹಿತ್ತಲು ಕಂಡಿತು, ನಿಂಬೆಯ ಗಿಡ ಕಂಡಿತು, ಆಮೇಲೆ ಅವಳು. ಪಡಸಾಲೆಯಲ್ಲಿ ಚಪ್ಪಾಳೆ ಬಿತ್ತು. ಮೂಲೆಯ ಸ್ಟೂಲಿನಲ್ಲಿದ್ದವಳು ತಲೆ ತಗ್ಗಿಸಿ, ಓರೆಗಣ್ಣಿನಿಂದ ತನ್ನನ್ನೇ ನೋಡಿದಳು. "ಅಯ್ಯೋ, ಎಷ್ಟು ದಪ್ಪ ಕಾಣ್ತೀನಿ!"

"ಇರೋ ಹಾಗೇ ಕಾಣ್ತೀಯಕ್ಕ" ಎಂದ ತಮ್ಮ. "ಟೀವಿಗೆ ಸುಳ್ಳು ಹೇಳೋಕೆ ಬರಲ್ಲ."

ಪರದೆಯಲ್ಲಿ ಅವಳು ಚಾಕು ಹಿಡಿದು ಕೊಂಬೆಯನ್ನು ಓರೆಯಾಗಿ ಸೀಳಿದಳು, ಕುಡಿಯನ್ನು ಸೇರಿಸಿದಳು, ಪಟ್ಟಿ ಸುತ್ತಿದಳು. ಆಮೇಲೆ ಕುಂಚಪ್ಪ ಕಾಯುತ್ತಿದ್ದ ಗಳಿಗೆ ಬಂತು. ಮೈಕಿನವಳು ಕೇಳಿದಳು: "ಮನೆಯವರು ನಿಮ್ಮ ಕೆಲಸಕ್ಕೆ ಸಹಾಯ ಮಾಡ್ತಾರಾ?"

ಪರದೆಯ ಹೆಂಡತಿ ಕೈ ಚಾಚಿ ತೋರಿಸಿದಳು. ದೂರದಲ್ಲಿ, ಕೊಟ್ಟಿಗೆಯ ಬಾಗಿಲಲ್ಲಿ, ಕುಕ್ಕರಗಾಲಲ್ಲಿ ಕೂತ ಒಂದು ಬೆನ್ನು ಕಂಡಿತು.

"ಅಗೋ, ಅವರೇ ನಮ್ಮ ಯಜಮಾನರು. ಒಂದು ಸಲ ಕೋಳಿಗೂಡಿಗೆ ನೀಲಿ ಬಣ್ಣ ಹಚ್ಚಿದ್ರು. ಒಣಗೋವರೆಗೆ ಕೋಳಿಗಳನ್ನ ಹೊರಗೆ ಬಿಡೋದು ಮರೆತುಬಿಟ್ಟರು. ಬೆಳಿಗ್ಗೆ ಎದ್ದು ನೋಡ್ತೀನಿ, ಮೂರು ಕೋಳಿ ನೀಲಿ! ಹುಂಜ ಅವನ್ನ ಗುರುತೇ ಹಿಡೀಲಿಲ್ಲ!"

ಪಡಸಾಲೆ ಕುಲುಕಿಹೋಯಿತು. ದರ್ಜಿಯ ಹೆಂಡತಿ ಕಣ್ಣೊರೆಸಿಕೊಂಡಳು, ಮೇಷ್ಟರ ಕೈಯ ಚಹಾ ಬಸಿಗೆ ಚೆಲ್ಲಿತು. ಕುಂಚಪ್ಪ ಕಾಲ ಹೆಬ್ಬೆರಳನ್ನೇ ನೋಡುತ್ತ ಬಾಗಿಲ ಚೌಕಟ್ಟಿಗೆ ಆತುಕೊಂಡ. ಇದೇ ಆಗಿತ್ತು ಹಾಗಾದರೆ. ಆದರೆ ಪರದೆಯಲ್ಲಿ ಅವಳ ಮಾತು ನಿಂತಿರಲಿಲ್ಲ.

"ನಗಬೇಡಿ, ಪೂರ್ತಿ ಕೇಳಿ. ಇಲ್ನೋಡಿ, ಈ ಮರದಲ್ಲಿ ಕೊಂಬೆ ಕತ್ತರಿಸಿದ ಕಡೆಯೆಲ್ಲ ಬಣ್ಣ ಇದೆಯಲ್ಲ? ನಾನು ಕತ್ತರಿಸಿ ಮುಂದೆ ಹೋಗ್ತೀನಿ. ಅವರು ಹಿಂದೆ ಡಬ್ಬಿ ಹಿಡ್ಕೊಂಡು ಬರ್ತಾರೆ. ಹೇಳೋದೇ ಬೇಡ. ಗಾಯ ಬರಿದಾಗಿದ್ದರೆ ಅವರಿಗೆ ನಿದ್ದೆ ಬರಲ್ಲ. ಮೂವತ್ತು ವರ್ಷ ಆಯ್ತು, ನನ್ನ ಒಂದು ಗಿಡವೂ ನೀರು ಇಳಿದು ಕೊಳೆತಿಲ್ಲ. ಎಲ್ಲರೂ ನನ್ನ ಕೈಗುಣ ಅಂತಾರೆ. ಅರ್ಧ ಅವರದ್ದು."

ಡೇರಿಯ ಅಕ್ಕ ತಿರುಗಿ ಬಾಗಿಲ ಕಡೆ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಕುಂಚಪ್ಪ ಕೈ ಎಲ್ಲಿಡಬೇಕೆಂದು ತಿಳಿಯದೆ, ಚೌಕಟ್ಟಿನ ಮೇಲೆ ಇಲ್ಲದ ಧೂಳನ್ನು ಒರೆಸಿದ.

ಬಾಮೈದ ಎದ್ದುಬಂದು ತನ್ನ ಕುರ್ಚಿಯನ್ನು ಎಳೆದು ಅವನ ಮುಂದಿಟ್ಟ. "ಕೂತ್ಕೊಳ್ಳಿ ಭಾವ" ಎಂದ. ಆ ದನಿ ಅಷ್ಟು ಮೆತ್ತಗೂ ಬರುತ್ತದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಕುಂಚಪ್ಪ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಮೂಲೆಯ ಸ್ಟೂಲಿನ ಪಕ್ಕಕ್ಕೆ ಹಾಕಿ ಕೂತ. ಟೀವಿಯಲ್ಲಿ ಅವಳು ದಾಳಿಂಬೆಯ ವಿಷಯ ಹೇಳುತ್ತಿದ್ದಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕಕ್ಕೆ ವಾಲಿ ಪಿಸುಗುಟ್ಟಿದ.

"ಎಲ್ಲ ಸರಿ. ಕೋಳಿ ಕಥೆ ಯಾಕೆ ಹೇಳಬೇಕಿತ್ತೇ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಮೂರು ಕೋಳಿ ಅಂದೆ ರೀ. ನೀಲಿಯಾಗಿದ್ದು ಐದು ಅಂತ ಹೇಳಿದ್ನಾ?"